ಬೆಂಕಿಪೆಟ್ಟಿಗೆಯ ಜಪ್ತಿ

ಕಾಪು
16 ಫೆಬ್ರವರಿ 2025, ಭಾನುವಾರ

ಪ್ರೀತಿಯ ತಮ್ಮ ಸರ್ವೋತ್ತಮನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ನಾನು ಕ್ಷೇಮ. ನಿನ್ನ ಭಾವ ಕ್ಷೇಮವಾಗಿಲ್ಲ. ಹಿರಿಯಡ್ಕದಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಎಂದು ಅಕ್ಷಿತಾ ಹೇಳಿದಳು. ನನ್ನ ತಮ್ಮನ ಸುದ್ದಿಯನ್ನು ನನ್ನ ಮಗಳ ಬಾಯಿಂದ ತಿಳಿಯುವ ಹಾಗಾಗಿ ಹದಿನಾಲ್ಕು ತಿಂಗಳಾಯಿತು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಜಗಳವಾಡುತ್ತೇನೆ, ನೀನು ಸುಮ್ಮನಾಗುತ್ತೀ. ಕಾಗದವಾದರೆ ನಾನು ಹೇಳಿದ್ದನ್ನು ನಾನೂ ಒಮ್ಮೆ ಓದಬೇಕಾಗುತ್ತದೆ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಭಾವನನ್ನು ಕಳೆದ ಮಂಗಳವಾರ ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಅವರ ಶ್ವಾಸಕೋಶ ಇನ್ನು ಸರಿಯಾಗುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದಾರೆ. ಮಂಚದ ಪಕ್ಕದಲ್ಲಿ ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಒಂದು ಯಂತ್ರ ಇದೆ. ದಿನಕ್ಕೆ ಹದಿನಾರು ಗಂಟೆ ಮೂಗಿಗೆ ಅದರ ನಳಿಗೆ. ಆ ಕೋಣೆಯಲ್ಲಿ ಊದುಬತ್ತಿ ಕೂಡ ಹಚ್ಚಬಾರದಂತೆ. ನಳಿಗೆ ಹಾಕಿಕೊಂಡು ಬೀಡಿ ಹೊತ್ತಿಸಿದರೆ ಬೆಂಕಿ ಹಿಡಿಯುವುದು ಮುಖಕ್ಕೆ.

ಗುರುವಾರ ದಿಂಬಿನ ಕವರು ಬದಲಿಸುವಾಗ ಅದರೊಳಗೆ ಅರ್ಧ ಕಟ್ಟು ಬೀಡಿ ಮತ್ತು ಬೆಂಕಿಪೆಟ್ಟಿಗೆ ಸಿಕ್ಕಿತು. ತಂದುಕೊಟ್ಟವಳು ಕೆಲಸಕ್ಕೆ ಬರುವ ಲಕ್ಕವ್ವ. ಬೈದೆ. "ಅಜ್ಜಾರು ಕೈ ಮುಗುದು ಕೇಳಿದ್ರ್ರೀ ಟೀಚರಮ್ಮ, ಇಲ್ಲ ಅನ್ನಾಕ ಮನಸ್ಸು ಬರಲಿಲ್ಲ" ಎಂದು ಅವಳು ಅತ್ತಳು. ಎಲ್ಲವನ್ನೂ ಬಾವಿಕಟ್ಟೆಯ ಹತ್ತಿರ ಒಯ್ದು ನೀರಲ್ಲಿ ಮುಳುಗಿಸಿದೆ. ಶನಿವಾರ ನೋಡಿದರೆ, ಅವರು ಪಕ್ಕದಲ್ಲಿಟ್ಟುಕೊಂಡಿರುವ ಹಳೆಯ ಟ್ರಾನ್ಸಿಸ್ಟರಿನ ಬ್ಯಾಟರಿ ಹಾಕುವ ಜಾಗದಲ್ಲಿ ಇನ್ನೊಂದು ಬೆಂಕಿಪೆಟ್ಟಿಗೆ. ತಂದುಕೊಟ್ಟವರು ಯಾರೋ, ಈ ಸಲ ಲಕ್ಕವ್ವ ಅಲ್ಲ.

"ನೀನು ಬಿಸಾಡು, ನಾನು ಮತ್ತೆ ತರಿಸ್ತೇನೆ" ಎಂದರು. "ನಿಮ್ಮ ಮನೆಯಲ್ಲಿ ಒಬ್ಬ ಸರಕಾರಿ ಅಧಿಕಾರಿ ಇದ್ದಾನಲ್ಲ, ಅವನು ಬರಲಿ. ಬಂದು ಜಪ್ತಿ ಮಾಡಲಿ. ಅವನ ಕೈಗಾದರೆ ಕೊಡ್ತೇನೆ."

ಇದೆಂತ ತಮಾಷೆ ಎಂದು ಕೇಳಿದೆ.

"ತಮಾಷೆ ಅಲ್ಲ ಮಾರಾಯ್ತಿ. ಒಂದು ವರ್ಷದ ಮೇಲಾಯ್ತು ಅವನ ಮುಖ ನೋಡದೆ. ನೀವಿಬ್ಬರು ಅಕ್ಕ ತಮ್ಮ ಏನು ಬೇಕಾದ್ರೂ ಮಾಡಿಕೊಳ್ಳಿ, ನಾನು ಅವನ ಹತ್ತಿರ ಜಗಳ ಆಡಿದ್ದೇನಾ?"

ಆಡಿಲ್ಲ. ಆಡಿದವಳು ನಾನು. ಆದ್ದರಿಂದ ಬರೆಯುವವಳೂ ನಾನೇ. ನೀನು ಬಾ. ಇಷ್ಟೇ ನನ್ನ ಕೋರಿಕೆ. ಇಲ್ಲಿಗೇ ಸಹಿ ಹಾಕಿ ಮುಗಿಸಬಹುದು. ಆದರೆ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಅದು ನಿನ್ನ ಮೇಲಲ್ಲ, ನಿನ್ನ ಕಾನೂನಿನ ಮೇಲೆ. ಅದನ್ನು ಮುಚ್ಚಿಟ್ಟು ಬಾ ಎಂದು ಕರೆದರೆ ಮರ್ಯಾದೆಯಾಗುವುದಿಲ್ಲ.

ನಿನಗೆ ಆ ರೇಡಿಯೋ ನೆನಪುಂಟಲ್ಲ? ಸಾವಿರದ ಒಂಬೈನೂರ ಎಂಬತ್ತೆರಡು. ನನ್ನ ಮದುವೆಯಾಗಿ ಒಂದು ವರ್ಷ. ನಾವು ಅಮ್ಮನ ಮನೆಯಲ್ಲೇ ಇದ್ದೆವು. ಭಾವ ಪೇಟೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಯಾರೋ ಬಿಸಾಡಿದ ಸಾಮಾನು ಕೂಡಿಸಿ ಒಂದು ರೇಡಿಯೋ ಮಾಡಿದರು, ನೀನು ಅವರ ಪಕ್ಕ ಕೂತು ಬೆಸುಗೆ ಹಾಕಲು ಕಲಿತೆ. ಆಗ ರೇಡಿಯೋ ಇಟ್ಟುಕೊಳ್ಳಲಿಕ್ಕೆ ಅಂಚೆ ಕಚೇರಿಯಿಂದ ಲೈಸೆನ್ಸು ಬೇಕು. ನಮ್ಮಲ್ಲಿ ಇರಲಿಲ್ಲ. ಇನ್ಸ್‌ಪೆಕ್ಟರು ಗೇಟಿನ ಹತ್ತಿರ ಬಂದಾಗ ನೀನು ಅದನ್ನು ಬೀಡಿ ಎಲೆಯ ಬುಟ್ಟಿಯೊಳಗೆ ಹಾಕಿ ಮೇಲೆ ಎಲೆ ಮುಚ್ಚಿದೆ. ಅಮ್ಮ ಎಲೆ, ಹೊಗೆಸೊಪ್ಪಿನ ಗೆರಸೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಲೇ ಇದ್ದರು, ತಲೆ ಎತ್ತಲಿಲ್ಲ.

"ಮನೆಯಲ್ಲಿ ರೇಡಿಯೋ ಉಂಟಾ?"

"ಬೀಡಿ ಉಂಟು. ಬೇಕಾ?"

ಆ ಮನುಷ್ಯ ಎರಡು ಬೀಡಿ ತೆಗೆದುಕೊಂಡು, ಒಂದನ್ನು ನಮ್ಮ ಜಗಲಿಯಲ್ಲೇ ಹೊತ್ತಿಸಿಕೊಂಡು, ನೀರು ಕುಡಿದು ಹೋದ. ಸಂಜೆ ನಾವೆಲ್ಲ ಎಷ್ಟು ನಕ್ಕೆವು! ಮುಂದೆ ಓದುತ್ತ ಹೋದ ಹಾಗೆ ಆ ನಗು ನನಗೆ ಕಡಿಮೆಯಾಯಿತು. ವಾರ್ತೆ ಕೇಳುವ ಪೆಟ್ಟಿಗೆಗೆ ಸರಕಾರದ ಅಪ್ಪಣೆ ಬೇಕು, ಎದೆ ಸುಡುವ ವಸ್ತುವಿಗೆ ಬೇಡ. ನಲವತ್ತು ವರ್ಷದ ಮೇಲೂ ಅದೇ ಲೆಕ್ಕ. ಆಗ ರೇಡಿಯೋ ಬಚ್ಚಿಟ್ಟ ನೀನೇ ಜಪ್ತಿ ಮಾಡುವ ಕಡೆಗೆ ಹೋಗಿ ನಿಂತೆ, ಬದಲಾದದ್ದು ಅಷ್ಟೆ.

ನನ್ನದೂ ಒಂದು ಪಾಲು ಉಂಟು, ಅದನ್ನೂ ಬರೆಯುತ್ತೇನೆ. ಹನ್ನೊಂದನೆಯ ವಯಸ್ಸಿನಿಂದ ಮೇಷ್ಟ್ರ ಕೆಲಸ ಸಿಗುವವರೆಗೆ ನಾನು ಬೀಡಿ ಕಟ್ಟಿದೆ. ನೀನು ಕಾಲೇಜಿಗೆ ಹೋದದ್ದು ಅದರಲ್ಲೇ. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಚೆಕ್ಕರ್ ಸಡಿಲ ಬೀಡಿ ಕಂಡರೆ ಇಡೀ ಕಟ್ಟನ್ನು ಪಕ್ಕಕ್ಕೆ ತಳ್ಳುತ್ತಿದ್ದ. ಅದಕ್ಕೆ ಅವನ ಕಣ್ಣಿಗೆ ಬೀಳುವ ಮೊದಲೇ ಅಂಥವನ್ನು ಮನೆಯಲ್ಲೇ ಆರಿಸಿ ತೆಗೆದಿಡುತ್ತಿದ್ದೆ. ಬಿಸಾಡಲು ಮನಸ್ಸು ಬರಲಿಲ್ಲ. ಭಾವ ಆಗ ಯಾವಾಗಲಾದರೊಮ್ಮೆ ಒಂದು ಸಿಗರೇಟು ಸೇದುವವರು. ಊಟದ ನಂತರ ಅವರ ಚಾಪೆಯ ಪಕ್ಕದಲ್ಲಿ ಆ ಸಡಿಲ ಬೀಡಿಗಳನ್ನು ಇಡುವುದು ನನ್ನ ಅಭ್ಯಾಸವಾಯಿತು. ಹೊಸ ಹೆಂಡತಿಯ ಉಪಚಾರ. ಯಾವ ಇಲಾಖೆಯೂ ನನ್ನನ್ನು ತಡೆಯಲಿಲ್ಲ, ತಡೆದಿದ್ದರೆ ಎಲೆಬುಟ್ಟಿಯ ಕೆಳಗೆ ಬಚ್ಚಿಡುತ್ತಿದ್ದೆ.

ನಲವತ್ತು ವರ್ಷ ಸೇದಿದ ಮೇಲೆ ಡಾಕ್ಟರು ಬಿಡಬೇಕು ಎಂದರು. ಅವರೂ ಬಿಡಬೇಕು ಎಂದುಕೊಂಡರು. ನಿಕೋಟಿನ್ ಚೂಯಿಂಗ್ ಗಮ್ ಕೊಟ್ಟರು, ಅದು ಹಲ್ಲಿನ ಸೆಟ್ಟಿಗೆ ಅಂಟಿಕೊಂಡು ಮೇಲಿನ ಸೆಟ್ಟೇ ಕೈಗೆ ಬಂತು. ತೋಳಿಗೆ ಅಂಟಿಸುವ ಪಟ್ಟಿಯಿಂದ ಮೈಯೆಲ್ಲ ತುರಿಕೆ. ಮಾತ್ರೆ ತಿಂದರೆ ನಿದ್ದೆ ಇಲ್ಲ. ಎರಡು ಸಾವಿರದ ಇಪ್ಪತ್ತಮೂರರ ಏಪ್ರಿಲಿನಲ್ಲಿ ಬಿಸು ಹಬ್ಬಕ್ಕೆ ಅವರ ತಂಗಿಯ ಮಗ ಪ್ರತೀಕ್ ದುಬೈಯಿಂದ ಬಂದಾಗ ಆ ಇ-ಸಿಗರೇಟು ತಂದ. ಭಾವನಿಗೆ ಅದು ಮೊದಲು ರಿಪೇರಿಯ ವಸ್ತು, ಆಮೇಲೆ ಸೇದುವ ವಸ್ತು. ಬಿಚ್ಚಿದರು, ಒಳಗಿನ ಸುರುಳಿ ತಂತಿ ನೋಡಿದರು, ಹತ್ತಿಯಿಂದ ಒರೆಸಿ ಜೋಡಿಸಿದರು. "ಇದರೊಳಗೆ ಎಂತ ಇಲ್ಲ ಮಾರಾಯ್ತಿ, ಸಣ್ಣ ಇಸ್ತ್ರಿಪೆಟ್ಟಿಗೆ" ಎಂದರು. ಆ ದಿನದಿಂದ ಏಳು ತಿಂಗಳು ಒಂದೇ ಒಂದು ಬೀಡಿ ಮುಟ್ಟಲಿಲ್ಲ. ಬೆಳಿಗ್ಗೆಯ ಆ ಕೆಮ್ಮು, ನಮ್ಮ ಓಣಿಗೆಲ್ಲ ಗಡಿಯಾರವಾಗಿದ್ದ ಕೆಮ್ಮು, ನಿಂತಿತು. ಅಕ್ಟೋಬರಿನಲ್ಲಿ ನಾವಿಬ್ಬರೂ ಸಮುದ್ರದವರೆಗೆ ನಡೆದು ಹೋಗಿ ದೀಪಸ್ತಂಭದ ಕೆಳಗೆ ಕೂತು ಚುರುಮುರಿ ತಿಂದೆವು. ಹಿಂದೆ ಅವರು ಆ ದಾರಿಯಲ್ಲಿ ನಾಲ್ಕು ಸಲ ನಿಲ್ಲುತ್ತಿದ್ದರು.

ಅದು ಪೂರ್ತಿ ನಿರಪಾಯ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ಇನ್ನೂ ವರ್ಷಗಳು ಬೇಕು ಎಂದು ಓದಿದ್ದೇನೆ. ಇಂಗ್ಲೆಂಡಿನಲ್ಲಿ ಬೀಡಿ ಸಿಗರೇಟು ಬಿಡಲೆಂದು ಅಲ್ಲಿನ ಸರಕಾರವೇ ಇದನ್ನು ಕೊಡುತ್ತದೆ ಎಂದೂ ಓದಿದ್ದೇನೆ. ಇಲ್ಲಿ ಅದನ್ನು ತರುವುದು, ಮಾರುವುದು ಅಪರಾಧ. ಎಪ್ಪತ್ತು ವರ್ಷದ ಮನುಷ್ಯ ತನ್ನ ಎದೆಗೆ ಕಡಿಮೆ ಕೆಟ್ಟದ್ದು ಯಾವುದೆಂದು ಆರಿಸಿಕೊಳ್ಳಬಾರದು, ಹೆಚ್ಚು ಕೆಟ್ಟದ್ದನ್ನು ಮಾತ್ರ ಬಸ್ ನಿಲ್ದಾಣದಲ್ಲಿ ಕೊಂಡುಕೊಳ್ಳಬಹುದು. ಕಟ್ಟಿನ ಮೇಲೆ ಕ್ಯಾನ್ಸರಿನ ಚಿತ್ರ ಹಾಕಿದರೆ ಸರಕಾರದ ಕೆಲಸ ಮುಗಿಯಿತು. ಇದಕ್ಕೆ ನೀನು ನನಗೆ ಎಂದೂ ಉತ್ತರ ಕೊಟ್ಟಿಲ್ಲ. "ಅಕ್ಕ, ಕಾನೂನು ಮಾಡಿದ್ದು ನಾನಾ?" ಎಂದು ಹೇಳಿ ನೀನು ಚಹಾ ಕುಡಿಯುತ್ತಿದ್ದೆ.

ಪ್ರತೀಕ್ ತಂದ ರೀಫಿಲ್ಲುಗಳು ಮುಗಿದ ಮೇಲೆ ಮಣಿಪಾಲದ ಒಂದು ಮೊಬೈಲ್ ಅಂಗಡಿಯಲ್ಲಿ ಗುಟ್ಟಾಗಿ ಸಿಗುತ್ತಿತ್ತು. ನಿನಗೆ ಹೇಳಬಾರದಿತ್ತು, ಆದರೂ ಒಮ್ಮೆ ಮಾತಿನ ಭರದಲ್ಲಿ ಹೇಳಿದ್ದೆ. ನವೆಂಬರಿನ ಕೊನೆಯಲ್ಲಿ ನಿಮ್ಮ ಆರೋಗ್ಯ ಇಲಾಖೆಯ ಜೀಪು ಅಲ್ಲಿಗೆ ಹೋಗಿ ಅಂಗಡಿ ಮುಚ್ಚಿಸಿತು, ಜೀಪಿನಲ್ಲಿ ನೀನೂ ಇದ್ದೆ. ದೂರು ಬಂದಿತ್ತಂತೆ. ಯಾರು ಕೊಟ್ಟರು ಎಂಬ ವಿಷಯಕ್ಕೆ ಆಮೇಲೆ ಬರುತ್ತೇನೆ. ಹನ್ನೊಂದು ದಿನಕ್ಕೆ ಮನೆಯಲ್ಲಿದ್ದ ಕೊನೆಯ ರೀಫಿಲ್ ಮುಗಿಯಿತು. ಹನ್ನೆರಡನೆಯ ದಿನ ಜಗಲಿಯಿಂದ ಬೀಡಿಯ ವಾಸನೆ ಬಂತು.

ಮುಂದಿನದು ನಿನಗೆ ಗೊತ್ತುಂಟು. ಡಿಸೆಂಬರಿನಲ್ಲಿ ಅಮ್ಮನ ವರ್ಷಾಂತಿಕಕ್ಕೆ ಹಿರಿಯಡ್ಕಕ್ಕೆ ಬಂದಾಗ ನಿನ್ನ ಅಂಗಳದಲ್ಲಿ, ನೆಂಟರ ಎದುರು, ಬಡಿಸಿದ ಎಲೆಯ ಮುಂದೆ ನಿಂತು ನಾನು ಹೇಳಿದ್ದೆಲ್ಲ ನನಗೆ ಅಕ್ಷರಶಃ ನೆನಪುಂಟು. ನಾನು ನಂಬಿ ಹೇಳಿದ ಮಾತನ್ನು ನೀನು ಇಲಾಖೆಗೆ ಕೊಟ್ಟೆ ಎಂದೆ. ಭಾವನ ಉಸಿರನ್ನು ನಿನ್ನ ಫೈಲಿಗೆ ಸೇರಿಸಿದೆ ಎಂದೆ. ಅಮ್ಮನ ಬೀಡಿಯಲ್ಲಿ ಓದಿದವನು ಎಂದೂ ಎಂದೆ, ಅದು ಎಲ್ಲಕ್ಕಿಂತ ಕೀಳು ಮಾತು. ನೀನು ಒಂದೇ ಮಾತು ಹೇಳಿದೆ. "ಅಕ್ಕ, ಊಟ ತಣ್ಣಗಾಗ್ತದೆ. ಮೊದಲು ಕೂತ್ಕೋ." ನಾನು ಕೂರಲಿಲ್ಲ. ಭಾವನನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದೆ. ಪಾಪ, ಅವರ ಎಲೆಯಲ್ಲಿ ಪಾಯಸ ಹಾಗೇ ಇತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿದರು.

ಆ ಅಂಗಡಿ ಒಂದು ತಿಂಗಳಲ್ಲಿ ಮತ್ತೆ ತೆರೆಯಿತು, ಈಗ ಬರೀ ಫೋನಿನ ಕವರು ಮಾರುತ್ತಾರೆ. ಮಕ್ಕಳಿಗೆ ಬೇಕಾದದ್ದು ಫೋನಿನಲ್ಲೇ ತರಿಸಿಕೊಳ್ಳಲು ಸಿಗುತ್ತದೆ ಎಂದು ಕೇಳಿದೆ. ಎಪ್ಪತ್ತೆರಡರ ಮುದುಕನಿಗೆ ಆ ದಾರಿ ಗೊತ್ತಿಲ್ಲ. ಪಕ್ಕದ ಬೀಡಿ ಅಂಗಡಿ ಒಂದು ದಿನವೂ ಮುಚ್ಚಲಿಲ್ಲ. ಕಾನೂನು ಯಾರನ್ನು ಹಿಡಿಯಿತು, ಯಾರನ್ನು ಬಿಟ್ಟಿತು ಎಂಬುದನ್ನು ನೀನೇ ಯೋಚಿಸು. ಆ ಪೆನ್ನಿನಂಥ ವಸ್ತು ಈಗಲೂ ಅವರ ಸ್ಕ್ರೂಡ್ರೈವರ್ ಡಬ್ಬದಲ್ಲಿ ಉಂಟು. ಈಗ ಅದೂ ಬೇಡ. ಆಮ್ಲಜನಕದ ಪಕ್ಕದಲ್ಲಿ ಅದೂ ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಆರಿಸಿಕೊಳ್ಳುವ ಕಾಲ ಮುಗಿಯಿತು.

ಬರುವ ಭಾನುವಾರ ಬಾ. ಬಂದು ಆ ಬೆಂಕಿಪೆಟ್ಟಿಗೆ ತೆಗೆದುಕೊಂಡು ಹೋಗು. ಜಪ್ತಿ ಮಾಡಿದ್ದಕ್ಕೆ ಮೊಹರು ಹಾಕಿದ ಚೀಟಿ ಬೇಕು, ಇಲ್ಲದಿದ್ದರೆ ಕೊಡುವುದಿಲ್ಲ ಎಂದು ಭಾವ ಈಗ ತಾನೇ ಕೋಣೆಯಿಂದ ಕೂಗಿ ಹೇಳಿದರು. ಅಷ್ಟು ಹೇಳಲಿಕ್ಕೆ ಮೂರು ಸಲ ಉಸಿರು ತೆಗೆದುಕೊಂಡರು. ಅವರು ನಗುತ್ತಿದ್ದರು. ಹಾಗೆ ನಕ್ಕದ್ದು ಕೇಳಿ ಬಹಳ ದಿನವಾಗಿತ್ತು.

ಮನೆಯವರಿಗೆಲ್ಲ ಕೇಳಿದೆನೆಂದು ಹೇಳು.

ನಿನ್ನ ಅಕ್ಕ,
ಕುಶಲಾ

ಮರೆತ ಮಾತು: ಮರೆತದ್ದಲ್ಲ, ಆಮೇಲೆ ಬರುತ್ತೇನೆ ಎಂದು ಮೇಲೆ ಬರೆದು ದಾಟಿಸಿದ್ದು. ಆ ನವೆಂಬರಿನಲ್ಲಿ ರೀಫಿಲ್ ತರಲು ಮಣಿಪಾಲಕ್ಕೆ ಹೋದವಳು ನಾನೇ. ನನ್ನ ಮುಂದೆ ಯೂನಿಫಾರ್ಮಿನ ಇಬ್ಬರು ಹುಡುಗಿಯರು ನಿಂತಿದ್ದರು, ಎಂಟನೆಯದೋ ಒಂಬತ್ತನೆಯದೋ. ಅಂಗಡಿಯವನು ಅವರನ್ನು ಹೆಸರು ಹಿಡಿದು ಕರೆದು, ಮಾವಿನಹಣ್ಣಿನ ರುಚಿಯದ್ದಾ ಇವತ್ತೂ ಎಂದು ಕೇಳಿದ. ಮೂವತ್ತು ವರ್ಷ ಆ ವಯಸ್ಸಿನವರಿಗೆ ಪಾಠ ಮಾಡಿದವಳು ನಾನು, ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ನನ್ನದನ್ನು ಕೊಂಡು, ಬಸ್ಸಿನಲ್ಲಿ ಬಂದು, ಭಾವನ ಕೈಗೆ ಕೊಟ್ಟೆ. ಮಧ್ಯಾಹ್ನ ಕೂತು ನಿನ್ನ ಇಲಾಖೆಗೆ ದೂರು ಬರೆದೆ. ಅಂಗಡಿ ಮುಚ್ಚಿದರೆ ನಮ್ಮ ರೀಫಿಲ್ಲೂ ನಿಲ್ಲುತ್ತದೆ ಎಂಬುದು ಬರೆಯುವಾಗಲೇ ಗೊತ್ತಿತ್ತು. ಅದನ್ನು ಬೇರೆ ಯಾರಾದರೂ ಮಾಡಿದ್ದಾಗಿರಲಿ ಎಂದು ಆಸೆಪಟ್ಟೆ, ಆಮೇಲೆ ನೀನೇ ಮಾಡಿದೆ ಎಂದು ನಂಬಲು ಪ್ರಯತ್ನಪಟ್ಟೆ. ನಿನ್ನ ಅಂಗಳದಲ್ಲಿ ಕೂಗುವಾಗ ಸ್ವಲ್ಪ ಹೊತ್ತು ನಂಬಿಯೂ ಇದ್ದೆ.

ನಿನಗೆ ಸ್ಲೇಟಿನ ಮೇಲೆ ಕೈ ಹಿಡಿದು ಅಕ್ಷರ ಬರೆಸಿದವಳು ನಾನು. ದೂರು ನಿನ್ನ ಮೇಜಿಗೆ ಬಂದ ದಿನವೇ ಅದು ಯಾರ ಬರಹ ಎಂದು ನಿನಗೆ ತಿಳಿದಿರಬೇಕು. ತಿಳಿದೇ ನೀನು ಊಟಕ್ಕೆ ಕೂತ್ಕೋ ಎಂದೆ.

ಭಾವನಿಗೆ ಇದನ್ನು ಇನ್ನೂ ಹೇಳಿಲ್ಲ. ನೀನು ಬಂದು ಅವರ ಪಕ್ಕ ಕೂತ ಮೇಲೆ ಹೇಳುತ್ತೇನೆ, ಒಬ್ಬಳೇ ಹೇಳಲು ನನಗೆ ಧೈರ್ಯವಿಲ್ಲ. ಬೆಂಕಿಪೆಟ್ಟಿಗೆಗಿಂತ ಹೆಚ್ಚಾಗಿ ಅದಕ್ಕೆ ಬಾ.

ಆ ದೂರಿನ ಕೆಳಗೆ 'ಒಬ್ಬ ನಾಗರಿಕ' ಎಂದಷ್ಟೇ ಬರೆದಿದ್ದೆ. ಹೆಸರಿಗೆ ಬಿಟ್ಟ ಆ ಜಾಗವನ್ನು ಇಲ್ಲಿ ತುಂಬುತ್ತಿದ್ದೇನೆ.

ಕುಶಲಾ ಉಮಾನಾಥ,
ನಿವೃತ್ತ ಶಿಕ್ಷಕಿ, ಕಾಪು