ಎಳೆದರೆ ಬಿಚ್ಚುವ ಗಂಟು

ಅಂಗಡಿಯ ಹಿಂದಿನ ಕೋಣೆಯಿಂದ,
ತಾರೀಖು ಹದಿನಾಲ್ಕು, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕಿವಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ ಅಂದುಕೋ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಮೂರನೇ ಮಹಡಿಯ ಮನೆ, ಲಿಫ್ಟು ವಾರದಲ್ಲಿ ನಾಲ್ಕು ದಿನ ಮುನಿಸಿಕೊಂಡಿರುತ್ತದೆ ಅಂದಿದ್ದೆಯಲ್ಲ, ತರಕಾರಿ ಚೀಲವನ್ನಾದರೂ ಭಾವನ ಕೈಗೆ ಕೊಡು. ಭಾವನಿಗೆ ಹೊಸ ಆಫೀಸು ಒಗ್ಗಿತೇ? ವರ್ಗವಾಗಿ ಹೋದ ಊರಿನಲ್ಲಿ ಮೊದಲ ವರ್ಷ ಯಾರಿಗೂ ಊಟ ರುಚಿಸುವುದಿಲ್ಲವಂತೆ, ಎರಡನೇ ವರ್ಷ ಸರಿಹೋಗುತ್ತದಂತೆ. ಇಲ್ಲಿ ಅಮ್ಮ ಆರೋಗ್ಯವಾಗಿದ್ದಾಳೆ. ಬಿ.ಪಿ. ಮಾತ್ರೆ ಮರೆಯದೆ ನುಂಗುತ್ತಾಳೆ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾಳೆ. ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ನಾಲ್ಕು ದಿನ. ತಟ್ಟೆ ತಂದು ಎದುರಿಗಿಟ್ಟು ಹೋಗುತ್ತಾಳೆ.

ಫೋನ್ ಮಾಡಬಹುದಿತ್ತು. ಆದರೆ ನೀನು ‘ಏನೋ ಮರಿ’ ಅಂದ ಕೂಡಲೇ ನಾನು ‘ಎಲ್ಲಾ ಚೆನ್ನಾಗಿದೆ ಅಕ್ಕಾ’ ಎಂದುಬಿಡುತ್ತೇನೆ. ನೀನು ಹೋದ ಹದಿನಾಲ್ಕು ತಿಂಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಚೆನ್ನಾಗಿಲ್ಲ. ಗುರುವಾರದಿಂದ ಅಂಗಡಿಯ ಶಟರ್ ಇಳಿದಿದೆ. ಪಕ್ಕದ ಕ್ಷೌರದಂಗಡಿಯವರಿಗೆ ಬಣ್ಣ ಹೊಡೆಸುತ್ತಿದ್ದೇನೆ ಅಂದೆ, ಅವರು ಕುತ್ತಿಗೆ ಚಾಚಿ ಬಣ್ಣದ ವಾಸನೆ ಹುಡುಕಿದರು. ನಿನ್ನ ಹೆಸರಿನಲ್ಲಿರುವ ಲೈಸೆನ್ಸನ್ನು ಸದ್ಯಕ್ಕೆ ತಡೆಹಿಡಿದಿದ್ದಾರೆ ಅಕ್ಕಾ. ವಿಚಾರಣೆಯಲ್ಲಿ ನಾನು ಆಡಿದ ಮಾತೆಲ್ಲ ಬರೆದ ಪ್ರತಿ ಆಫೀಸಿನಿಂದ ನಿನಗೆ ನೇರವಾಗಿ ಬರುತ್ತದೆ. ಅದನ್ನು ನೀನು ಓದುವ ಮೊದಲು ಈ ಪತ್ರ ನಿನ್ನ ಕೈಸೇರಲಿ ಎಂದು ಊಟ ಬಿಟ್ಟು ಕೂತಿದ್ದೇನೆ.

ಎಲ್ಲಿಂದ ಶುರುವಾಯಿತು ಹೇಳಲಿ? ಅಪ್ಪ ಲೈಸೆನ್ಸನ್ನು ನಿನ್ನ ಹೆಸರಿಗೆ ಮಾಡಿಸಿದಾಗಲೇ ನನಗೆ ಒಳಗೊಳಗೆ ಉರಿದಿತ್ತು. ನೀನು ಹೊರಟ ಮೇಲೆ ನಾನೇನು ಕಮ್ಮಿ ಎಂದು ತೋರಿಸಬೇಕಿತ್ತು. ಅಷ್ಟರಲ್ಲಿ ಮೂಲೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ತೆರೆಯಿತು, ನಾನು ಇಲ್ಲಿ ನೊಣ ಹೊಡೆಯುತ್ತಾ ಕೂತೆ. ಆಗ ಸ್ಕೂಟರಿನವನೊಬ್ಬ ಬಂದ. ಅವನ ಸಿಗರೇಟು ಪ್ಯಾಕಿನ ಮೇಲೆ ತೆರಿಗೆಯ ಚೀಟಿ ಇಲ್ಲ, ಎಚ್ಚರಿಕೆಯ ಚಿತ್ರವಿಲ್ಲ, ಎಲ್ಲಿ ಮಾಡಿದ್ದು ಎಂಬ ಗುರುತೂ ಇಲ್ಲ. ಕಳ್ಳಮಾಲು ಎಂದು ತಿಳಿದೇ ತೆಗೆದುಕೊಂಡೆ, ಅದರಲ್ಲಿ ಮುಚ್ಚುಮರೆ ಬೇಡ. ಒಂದು ತಿಂಗಳಲ್ಲಿ ಅಂಗಡಿಯ ಮುಂದೆ ಜನ ನಿಂತರು. ‘ಯಜಮಾನ್ರೇ’ ಎಂದು ಕರೆದರು. ಅಪ್ಪನನ್ನು ಹಾಗೆ ಕರೆಯುತ್ತಿದ್ದರು, ನಿನ್ನನ್ನು ಅಕ್ಕಾವ್ರೇ ಅನ್ನುತ್ತಿದ್ದರು, ನನ್ನನ್ನು ಅಲ್ಲಿಯವರೆಗೆ ಯಾರೂ ಏನೂ ಕರೆದಿರಲಿಲ್ಲ. ಆ ಒಂದು ಮಾತಿಗೆ ಉಬ್ಬಿಹೋದೆ ಅಕ್ಕಾ.

ಹಾಗೆ ಬಂದವರಲ್ಲಿ ಹಾರ್ನ್ ಮಾಮನೂ ಒಬ್ಬರು. ಬಸ್ ಓಡಿಸುವುದನ್ನು ಬಿಟ್ಟರೂ ಅಂಗಡಿ ಮೆಟ್ಟಿಲ ಹತ್ತಿರ ಬಾಯಲ್ಲೇ ಪೋಂ ಪೋಂ ಎನ್ನುವುದನ್ನು ಅವರು ಬಿಟ್ಟಿಲ್ಲ. ಎದೆ ಕೆಟ್ಟಿದೆ, ಇನ್ನು ಸೇದಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನೀನು ಅವರಿಗೆ ಒಂದೇ ಒಂದು ಸಿಗರೇಟು ಕೊಟ್ಟವಳಲ್ಲ. ‘ಪೆಪ್ಪರ್‌ಮಿಂಟ್ ಕೇಳಿ ಮಾಮ, ಡಬ್ಬಾನೇ ಕೊಡ್ತೀನಿ’ ಅನ್ನುತ್ತಿದ್ದೆ. ಅವರು ಗೊಣಗುತ್ತಾ ಪೆಪ್ಪರ್‌ಮಿಂಟ್ ಚೀಪಿಕೊಂಡು ಹೋಗುತ್ತಿದ್ದರು. ನಾನು ಕೊಟ್ಟೆ. ‘ಅಕ್ಕಂಗೆ ಹೇಳ್ಬೇಡ’ ಅಂದರು, ನಾನೂ ನಕ್ಕೆ. ಎಂಟು ತಿಂಗಳು ಕೊಟ್ಟೆ. ಕೊಡುವಾಗೆಲ್ಲ ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟೆ.

ದಾರದ ವಿಷಯಕ್ಕೆ ಬರುತ್ತೇನೆ. ಅಪ್ಪನ ಗಂಟು ನಿನಗೆ ಹೇಳಿಕೊಡಬೇಕೇ? ಎರಡು ಸುತ್ತು, ಒಂದು ಕುಣಿಕೆ, ತುದಿ ಹೊರಗೆ. ಎಷ್ಟು ಹೊತ್ತು ಹಿಡಿದರೂ ಜಾರುವುದಿಲ್ಲ, ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ. ‘ಕೊಂಡೋರು ಮನೆಗೆ ಹೋಗಿ ಕತ್ತರಿ ಹುಡುಕಬಾರದು ಕಣ್ರೋ’ ಅನ್ನುತ್ತಿದ್ದ ಅಪ್ಪ. ನಿನಗೆ ಅವನು ಕಲಿಸಿದ, ನನಗೆ ನೀನು ಕಲಿಸಿದೆ, ನನ್ನ ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿ. ಬೇರೆ ಗಂಟು ನನ್ನ ಕೈಗೆ ಬರುವುದೇ ಇಲ್ಲ.

ಹೋದ ತಿಂಗಳು ಹಾರ್ನ್ ಮಾಮ ಉಸಿರು ಸಿಕ್ಕಿಕೊಂಡು ಆಸ್ಪತ್ರೆ ಸೇರಿದರು. ಅವರ ಹೆಂಡತಿ, ಅದೇ ನಮ್ಮ ಟೈಲರಮ್ಮ, ಕೋಟಿನ ಒಳಜೇಬು ಹರಿದಿದೆ ಎಂದು ಹೊಲಿಯಲು ಕೂತರೆ ಅದರಲ್ಲಿ ಎರಡು ಪೊಟ್ಟಣ ಸಿಕ್ಕಿತಂತೆ. ವಾಸನೆಯಲ್ಲೇ ಸಿಗರೇಟೆಂದು ತಿಳಿದು, ದಾರ ಬಿಚ್ಚದೆ ನೇರವಾಗಿ ಲೈಸೆನ್ಸ್ ಆಫೀಸಿಗೆ ಒಯ್ದು, ನಮ್ಮ ಅಂಗಡಿಯದೆಂದು ಹೇಳಿದ್ದಾರೆ. ಇನ್‌ಸ್ಪೆಕ್ಟರು ಬಂದು ಅಂಗಡಿ ಜಾಲಾಡಿದರು, ಮಾಲು ಖಾಲಿಯಾಗಿತ್ತು, ಏನೂ ಸಿಗಲಿಲ್ಲ. ಆಮೇಲೆ ನಿನ್ನ ಹೆಸರಿಗೆ ವಿಚಾರಣೆಯ ನೋಟಿಸ್ ಬಂತು. ಅದನ್ನು ನಾನೇ ಒಡೆದು ಓದಿ, ನಿನಗೆ ತಿಳಿಸದೆ, ಗುರುವಾರ ಇಸ್ತ್ರಿ ಅಂಗಿ ತೊಟ್ಟು ವಿಚಾರಣೆಗೆ ಹೋದೆ.

ಉದ್ದನೆಯ ಮೇಜು, ಅದರ ಹಿಂದೆ ಮೂವರು, ನಡುವೆ ನಿನ್ನ ವಯಸ್ಸಿನ ಮಹಿಳಾ ಅಧಿಕಾರಿ. ಹಿಂದಿನ ಬೆಂಚಿನಲ್ಲಿ ಟೈಲರಮ್ಮ ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು ಕೂತಿದ್ದರು. ಇಂಥ ಮಾಲು ನಮ್ಮ ಅಂಗಡಿಗೆ ಬಂದೇ ಇಲ್ಲ ಎಂದು ಎದೆ ಸೆಟೆಸಿ ಹೇಳಿದೆ. ಅಧಿಕಾರಿ ವಾದ ಮಾಡಲಿಲ್ಲ. ಒಂದು ಫೈಲನ್ನೂ ದಾರವನ್ನೂ ನನ್ನ ಮುಂದೆ ಸರಿಸಿ, ‘ಇದನ್ನ ಸ್ವಲ್ಪ ಕಟ್ಟಿಕೊಡ್ತೀರಾ?’ ಅಂದರು. ಅಂಗಡಿಯವನ ಕೈ ನೋಡು, ದಾರ ಕಂಡರೆ ಸುಮ್ಮನಿರುವುದಿಲ್ಲ. ಕಟ್ಟಿ ಮುಗಿಸಿದ ಮೇಲೆಯೇ ನನಗೆ ಹೊಳೆದದ್ದು. ಅವರು ಡ್ರಾಯರಿನಿಂದ ಆ ಎರಡು ಪೊಟ್ಟಣ ತೆಗೆದು ಫೈಲಿನ ಪಕ್ಕ ಇಟ್ಟರು. ಕಾಗದವನ್ನು ಒಂದು ಬದಿಯಲ್ಲಿ ಸೀಳಿ ಒಳಗಿನದನ್ನು ನೋಡಿದ್ದರು, ದಾರ ಬಿಚ್ಚಿರಲಿಲ್ಲ. ಮೂರೂ ಅಪ್ಪನ ಗಂಟೇ.

ಇನ್ನು ಬರೆಯಲಿರುವುದೇ ಬರೆಯಲು ಕಷ್ಟವಾದದ್ದು. ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತಲ್ಲವೇ? ನಾನು ಅಂದದ್ದು, ‘ಅಂಗಡಿ ನಂದಲ್ಲ ಮೇಡಂ, ಲೈಸೆನ್ಸ್ ನಮ್ಮಕ್ಕನ ಹೆಸರಲ್ಲಿದೆ. ಅವಳು ಹೇಳಿದ ಹಾಗೆ ಮಾಡ್ದೆ.’ ಗುಮಾಸ್ತ ಬರೆದುಕೊಂಡ. ಹಿಂದಿನಿಂದ ಟೈಲರಮ್ಮ ಎದ್ದು ನಿಂತರು. ಬೈಯಲಿಲ್ಲ ಅಕ್ಕಾ, ಬೈದಿದ್ದರೆ ಚೆನ್ನಾಗಿತ್ತು. ‘ಅವಳಿದ್ದಿದ್ರೆ ನಮ್ಮನೆಯವ್ರು ಇವತ್ತು ಮೆಟ್ಟಿಲು ಹತ್ತಿ ಓಡಾಡ್ತಿದ್ರು’ ಎಂದು ಹೇಳಿ ಕೂತರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಿಂತಲ್ಲೇ ಎಲ್ಲ ಒಪ್ಪಿಕೊಂಡೆ, ಅಕ್ಕನಿಗೆ ಏನೂ ಗೊತ್ತಿಲ್ಲ, ಮೊದಲು ಹೇಳಿದ್ದನ್ನು ಹೊಡೆದುಹಾಕಿ ಎಂದು ಗುಮಾಸ್ತನನ್ನು ಬೇಡಿಕೊಂಡೆ. ‘ಹೊಡೆದು ಹಾಕೋಕೆ ಬರಲ್ಲ, ಬೇಕಾದ್ರೆ ಕೆಳಗೆ ಬರೀತೀನಿ’ ಅಂದ. ಹಾಗಾಗಿ ಎರಡೂ ಅಲ್ಲೇ ಇವೆ, ಒಂದರ ಕೆಳಗೊಂದು. ನೀನು ಮೇಲಿನದನ್ನೇ ಮೊದಲು ಓದುತ್ತೀಯ.

ಶನಿವಾರ ಹಾರ್ನ್ ಮಾಮನ ಮನೆಗೆ ಹೋಗಿದ್ದೆ. ಟೈಲರಮ್ಮ ಬಾಗಿಲು ತೆಗೆದು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತರು. ಮಾಮ ದಿಂಬಿಗೆ ಒರಗಿದ್ದರು. ನನ್ನನ್ನು ಕಂಡು ಹಾರ್ನ್ ಹೊಡೆಯಲು ಬಾಯಿ ತೆರೆದರು, ಬರೀ ಗಾಳಿ ಬಂತು. ತಪ್ಪಾಯಿತು ಎಂದು ಹೇಳಲು ಹೋದವನು ಅವರ ದಿಂಬನ್ನು ಎತ್ತರಿಸಿ ಕೊಟ್ಟು ಬಂದೆ. ಅಕ್ಕಾ, ನನಗೆ ನಾಚಿಕೆಯಾಗುತ್ತಿದೆ. ಕನ್ನಡಿಯಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಲೂ ಆಗುತ್ತಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು, ಈ ಪತ್ರವನ್ನು ಅವರಿಗೂ ಓದಲು ಕೊಡು, ಬಚ್ಚಿಡಬೇಡ. ಬಚ್ಚಿಟ್ಟದ್ದು ಸಾಕು. ಮೊಣಕಾಲಿಗೆ ಎಣ್ಣೆ ತಿಕ್ಕಿಕೋ. ಸಿಟ್ಟು ಬಂದರೆ ಅಷ್ಟನ್ನೂ ಬರೆದು ಕಳಿಸು, ಒಂದಕ್ಷರ ಬಿಡದೆ ಓದುತ್ತೇನೆ.

ನಿನ್ನ ಹೆಸರು ಕೆಡಿಸಿದ,
ತಮ್ಮ

ಮರೆತೆ: ಇದರ ಹಿಂದೆಯೇ ರಿಜಿಸ್ಟರ್ ಅಂಚೆಯಲ್ಲಿ ಒಂದು ಕಟ್ಟು ಬರುತ್ತದೆ. ಅದರಲ್ಲಿ ಮುಚ್ಚಳಿಕೆಯ ಕಾಗದವಿದೆ, ನನ್ನ ಹತ್ತಿರವಿದ್ದ ಅಂಗಡಿಯ ಬೀಗದ ಕೈಯೂ ಇದೆ. ಹದಿನೈದು ದಿನದೊಳಗೆ ನೀನು ಸಹಿ ಹಾಕಿ ಕಳಿಸಿದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಲೈಸೆನ್ಸ್ ರದ್ದು. ನೀನು ಬರುವವರೆಗೆ ಅಂಗಡಿಯಲ್ಲಿ ಅಮ್ಮ ಕೂರುತ್ತಾಳೆ, ಆಫೀಸಿನವರು ಒಪ್ಪಿದ್ದಾರೆ. ನಾಲ್ಕನೇ ಸಾಲಿನಲ್ಲಿ, ನಿನ್ನ ತಮ್ಮ ಇನ್ನು ಮುಂದೆ ಗಲ್ಲಾದ ಹಿಂದೆ ನಿಲ್ಲಕೂಡದು ಎಂದಿದೆ. ನಿನ್ನನ್ನು ನಾನು ಬಲ್ಲೆ, ಆ ಸಾಲು ತೆಗೆಸಲು ಹೊರಡುತ್ತೀಯ. ಬೇಡ. ಸಹಿ ಹಾಕು. ಕಟ್ಟನ್ನು ಮೂರು ಸಲ ಕಟ್ಟಿದೆ, ಮೂರು ಸಲವೂ ಕೈ ಅಪ್ಪನ ಗಂಟನ್ನೇ ಹಾಕಿತು. ಬಿಚ್ಚಿ, ಕೊನೆಗೆ ಒಂದು ಕಗ್ಗಂಟು ಹಾಕಿದ್ದೇನೆ. ಎಳೆದರೆ ಬರುವುದಿಲ್ಲ ಅಕ್ಕಾ, ನೀನು ಕತ್ತರಿ ಹುಡುಕಬೇಕಾಗುತ್ತದೆ.