ಹದಿನಾಲ್ಕನೇ ಪ್ರಶ್ನೆಗೆ ಉತ್ತರ

ಶ್ರೀ ಗುರು ಬಸವಲಿಂಗಾಯ ನಮಃ

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
ಸೋಮವಾರ, ೨೭-೧೦-೧೯೮೬

ಹರಿಹರದ ಕರೀಂ ಸಾಬರ ಮಗಳು ಚಿರಂಜೀವಿ ಸಿದ್ದೀಕಾಗೆ ಬಸವಣ್ಣೆಮ್ಮ ಮಾಡುವ ಆಶೀರ್ವಾದ.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಎಷ್ಟು ಕ್ಷೇಮ ಎನ್ನುವುದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ. ನಾನು ಲೋಕಿಕೆರೆಯ ಶಾಲೆಯಲ್ಲಿ ನಾಲ್ಕನೇ ತರಗತಿ ತನಕ ಓದಿದವಳು. ಅಕ್ಷರ ತಪ್ಪಿದ್ದರೆ ನೀನೇ ತಿದ್ದಿಕೊ. ಅಕ್ಷರಕ್ಕಿಂತ ದೊಡ್ಡ ತಪ್ಪುಗಳನ್ನು ತಿದ್ದಿಸುವುದಕ್ಕೇ ಈ ಕಾಗದ.

ಕಾರಹುಣ್ಣಿಮೆಯ ಮಾರನೆಯ ದಿನ ನೀನು ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಓಣಿಗೆ ಬಂದಿದ್ದೆ. ನಶೆಯ ಗುಳಿಗೆ, ಗಾಂಜಾ, ಇಂಜೆಕ್ಷನ್ನಿಗೆ ಬಿದ್ದವರ ಮನೆಯಲ್ಲಿ ಏನೇನಾಗುತ್ತದೆ, ಅದರಿಂದ ಎದ್ದು ಬಂದವರು ಹೇಗೆ ಬಂದರು ಎಂದು ಓದಿನ ಸಲುವಾಗಿ ಕೇಳುತ್ತಿದ್ದೇನೆ ಅಂದೆ. ಹೆಸರು ಬರೆಯುವುದಿಲ್ಲ, ನಂಬರು ಮಾತ್ರ ಅಂದೆ. ನಮ್ಮ ಮನೆ ಅರವತ್ತೊಂದು. ನಿನಗೆ ಒಂದು ಲೋಟ ಮಜ್ಜಿಗೆ ಕೊಟ್ಟೆ, ಅದರ ಜೊತೆಗೆ ಸುಳ್ಳನ್ನೂ ಕೊಟ್ಟೆ.

ಮನೆಯಲ್ಲಿ ಯಾರಿಗಾದರೂ ಆ ಚಟ ಇದೆಯೇ ಎಂದು ನೀನು ಕೇಳಿದ್ದಕ್ಕೆ, "ಇಲ್ಲವ್ವ, ನಮ್ಮದು ಲಿಂಗವಂತರ ಮನಿ. ನನ್ನ ಮಗ ದಿನಾ ಮೂರು ಹೊತ್ತು ಬಾಗಿಲು ಹಾಕ್ಕಂಡು ಲಿಂಗಪೂಜಿ ಮಾಡ್ತಾನೆ" ಅಂದೆ. ಮನೆಯಲ್ಲಿ ಜಗಳ ಉಂಟೇ ಎಂದು ನೀನು ಕೇಳಿದೆ. "ಐತೆ. ಸೊಸಿ ಸರಿ ಇಲ್ಲ. ಬಾಯಿ ಜಾಸ್ತಿ. ತವರಿಗೆ ಕಳಿಸೀವಿ" ಅಂದೆ. ನೀನು ಬರೆದುಕೊಂಡೆ. ಆಮೇಲೆ ಒಮ್ಮೆ ನನ್ನ ಮುಖ ನೋಡಿ, "ಹಂಗಾರೆ ನಿಮ್ಮ ಮನಿಗೆ ಹದಿನಾಲ್ಕನೇ ಪ್ರಶ್ನೆ ಬ್ಯಾಡ ಬಿಡ್ರಿ ಅಮ್ಮ" ಎಂದು ಅದರ ಮೇಲೆ ಗೆರೆ ಎಳೆದೆ. ಮನೆಯವರಿಗೆ ಮೊದಲು ಗೊತ್ತಾದದ್ದು ಯಾವಾಗ ಎನ್ನುವುದು ಆ ಪ್ರಶ್ನೆ. ಆ ಗೆರೆಯನ್ನು ಅಳಿಸು. ದೀಪಾವಳಿ ಕಳೆದ ಮೇಲೆ ನಿನ್ನ ಬರಹ ಟೈಪಿಗೆ ಹೋಗುತ್ತದಂತೆ, ಹಿಂದಿನ ಸಾಲಿನ ಮನೆಯ ಮಾಬೂಬೀ ಹೇಳಿದಳು. ಅದಕ್ಕೇ ಈ ಅವಸರ.

ನನ್ನ ಮಗ ಕರಿಬಸವರಾಜ ಹರಿಹರದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಎರಡು ವರ್ಷದ ಹಿಂದೆ ಅಲ್ಲಿ ಏಣಿಯಿಂದ ಬಿದ್ದು ಬೆನ್ನು ನೋಯಿಸಿಕೊಂಡ. ರಾತ್ರಿ ನಿದ್ದೆ ಬರಲೆಂದು ಹತ್ತು ದಿನಕ್ಕೆ ಗುಳಿಗೆ ಬರೆದುಕೊಟ್ಟರು. ಹತ್ತು ದಿನ ಮುಗಿಯಿತು, ಗುಳಿಗೆ ಮುಗಿಯಲಿಲ್ಲ. ಚೀಟಿ ಕೇಳದೆ ಕೊಡುವ ಅಂಗಡಿ ಎಲ್ಲ ಊರಲ್ಲೂ ಒಂದಿರುತ್ತದೆ. ಹೋದ ವರ್ಷ ಅವನಿಗೆ ಭಾನುವಳ್ಳಿಯ ಕಸ್ತೂರಮ್ಮನನ್ನು ತಂದುಕೊಂಡೆವು. ಹುಡುಗಿ ಬಂದ ಮೂರೇ ತಿಂಗಳಲ್ಲಿ ಗಂಡನ ಮಾತು ತೊದಲುವುದನ್ನೂ, ಕೂತಲ್ಲೇ ತೂಕಡಿಸುವುದನ್ನೂ ಗುರುತು ಹಿಡಿದಳು. ನಾನು ಪಾಳಿಯ ದಣಿವು ಅಂದೆ.

ಮುಂದಿನದು ನಿಮ್ಮ ಪೈಕಿಯಲ್ಲಿ ಇಲ್ಲದ್ದು, ಅದಕ್ಕೆ ಬಿಡಿಸಿ ಹೇಳುತ್ತೇನೆ. ನಾವು ಕೊರಳಲ್ಲಿ ಲಿಂಗ ಧರಿಸುತ್ತೇವೆ. ಅದನ್ನು ಇಟ್ಟುಕೊಳ್ಳುವ ಬೆಳ್ಳಿಯ ಡಬ್ಬಿಗೆ ಕರಡಿಗೆ ಅನ್ನುತ್ತೇವೆ. ನಮ್ಮ ಮನೆಯದು ನನ್ನ ಯಜಮಾನರು ವಾಮದೇವಪ್ಪನವರ ಕರಡಿಗೆ. ಎಂಟು ವರ್ಷದ ಹಿಂದೆ ಅವರು ಲಿಂಗೈಕ್ಯರಾದಾಗ ಅವರ ಲಿಂಗ ಅವರ ಅಂಗೈಯಲ್ಲೇ ಮಣ್ಣಿಗೆ ಹೋಯಿತು. ಕರಡಿಗೆಯನ್ನು ಉಳಿಸಿಕೊಂಡು, ಮಗನ ಲಿಂಗವನ್ನು ಅದರಲ್ಲಿಟ್ಟು, ನಾನೇ ಅವನ ಕೊರಳಿಗೆ ಹಾಕಿದೆ. ಒಬ್ಬರ ಕೊರಳಲ್ಲಿರುವ ಕರಡಿಗೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಹೆತ್ತವಳೂ ಇಲ್ಲ, ಹೆಂಡತಿಯೂ ಇಲ್ಲ.

ಈ ವರ್ಷದ ಯುಗಾದಿಯ ದಿನ, ಬೇವು ಬಿಡಿಸುತ್ತ ಕೂತಿದ್ದ ಕಸ್ತೂರಿ ನನಗೆ ಹೇಳಿದಳು: "ಅತ್ತಿ, ನಿಮ್ಮ ಮಗ ಗುಳಿಗಿ ನುಂಗ್ತಾರೆ. ಜೇಬು ನೋಡ್ದೆ, ದಿಂಬು ನೋಡ್ದೆ, ಸೈಕಲ್ ಸೀಟಿನ ಕೆಳಗೂ ಕೈ ಹಾಕಿ ನೋಡ್ದೆ. ಇನ್ನ ಉಳಿದಿದ್ದು ಕೊಳ್ಳಾಗಿನ ಕರಡಿಗಿ ಒಂದೇ. ನೀವು ಹೆತ್ತೋರು, ಒಂದ್ಸಲ ತೆಗೆಸಿ ನೋಡ್ರಿ."

ನಾನು ಎದ್ದು ನಿಂತೆ. "ಗಂಡನ ಲಿಂಗದ ಮ್ಯಾಲೆ ಅನುಮಾನ ಪಡೋಳು ನೀನು ಯಾವ ಸೀಮಿ ಹೆಂಗಸೇ?" ಅಂದೆ.

"ಲಿಂಗದ ಮ್ಯಾಲಲ್ಲ ಅತ್ತಿ, ಡಬ್ಬಿ ಮ್ಯಾಲೆ" ಅಂದಳು.

ಕಪಾಳಕ್ಕೆ ಹೊಡೆದೆ. ಹುಡುಗಿ ಅಳಲಿಲ್ಲ. ಹಬ್ಬದ ಅಡಿಗೆ ಮುಗಿಸಿ, ನಮಗೆಲ್ಲ ಹೋಳಿಗೆ ಬಡಿಸಿ, ಆಮೇಲೆ ಸೀರೆ ಮಡಚಿ ಇಟ್ಟುಕೊಂಡಳು. ಮಾರನೆಯ ದಿನ ಅವಳ ಅಣ್ಣ ಕೆಂಚವೀರಪ್ಪ ಬಂದು ಕರೆದುಕೊಂಡು ಹೋದ. ಲಿಂಗನಿಂದೆ ಮಾಡಿದಳು ಎಂದು ಓಣಿಗೆಲ್ಲ ಹೇಳಿದೆ. ಓಣಿ ನಂಬಿತು. ಮಗನ ಮೇಲಿನ ನಂಬಿಕೆಯಿಂದ ಸಿಟ್ಟು ಬಂದು ಹಾಗೆ ಮಾಡಿದೆ ಎಂದು ಬರೆದುಕೊ.

ಶ್ರಾವಣದ ಮೂರನೇ ಸೋಮವಾರ ನನ್ನ ಮಗ ಪೂಜೆ ಮುಗಿಸಿ ಹೊರಗೆ ಬಂದವನು, ಬಚ್ಚಲ ಹತ್ತಿರದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದ. ಕರಡಿಗೆ ಕಲ್ಲಿಗೆ ಬಡಿದು ಬಾಯಿ ಬಿಟ್ಟಿತು. ಒಳಗಿಂದ ಬಿಳಿ ಗುಳಿಗೆಗಳು ಉರುಳಿ ಮೋರಿಯ ತನಕ ಹೋದವು. ನನ್ನ ಕೂಗು ಕೇಳಿ ಮಾಬೂಬೀ ಹಿತ್ತಲಿನಿಂದ ಓಡಿ ಬಂದಳು. ಡಾಕ್ಟರಿಗೆ ತೋರಿಸಬೇಕೆಂದು ಗುಳಿಗೆಗಳನ್ನೆಲ್ಲ ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. "ಅಕ್ಕಾ, ಇದನ್ನ ನೀವೇ ತಗಳ್ರಿ. ನಿಮ್ಮ ದೇವರದು, ನಾ ಹೆಂಗ್ ಮುಟ್ಲಿ" ಅಂದಳು.

"ಅದರಾಗೆ ದೇವರು ಎಲ್ಲಿ ಐತೆ ಮಾಬೂಬೀ?" ಅಂದೆ.

"ಇರ್ಲಿ ಬಿಡ್ರಿ, ಇದ್ದ ಜಾಗ ಹೌದಲ್ಲೇನ್ರಿ" ಎಂದು ಆಟೋ ಹಿಡಿಯಲು ರಸ್ತೆಗೆ ಓಡಿದಳು.

ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದೆವು. ಮೂರನೇ ದಿನ ಅವನಿಗೆ ತಿಳಿವು ಬಂದಾಗ ನಾನು ಮೊದಲು ಕೇಳಿದ್ದು, ಲಿಂಗ ಎಲ್ಲಿ ಐತೋ ಎಂದು. ಅಪ್ಪನ ಫೋಟೋದ ಹಿಂದೆ ಅಂದ. ಮನೆಗೆ ಹೋಗಿ ನೋಡಿದರೆ ಅರಳೆಯಲ್ಲಿ ಸುತ್ತಿ ಇಟ್ಟಿದ್ದ, ಮೇಲೆ ವಿಭೂತಿ ಇನ್ನೂ ಹೊಸದಾಗಿತ್ತು. "ಅದನ್ನೂ ಇದನ್ನೂ ಒಂದೇ ಡಬ್ಬಿಯಾಗೆ ಇಡಾಕ ಮನಸ್ಸು ಬರಲಿಲ್ಲವ್ವ" ಅಂದ. ಇದು ನಿನ್ನ ಯಾವ ಪ್ರಶ್ನೆಗೆ ಸೇರುತ್ತದೋ ಗೊತ್ತಿಲ್ಲ. ಜಾಗ ಇದ್ದರೆ ಬರೆದುಕೊ.

ಆಸ್ಪತ್ರೆಯ ಮಂಚದ ಮೇಲೇ ಅವನಿಂದ ಆಣೆ ಮಾಡಿಸಿದೆ. ನನ್ನ ತಲೆಯ ಮೇಲೆ, ಅಪ್ಪನ ಸಮಾಧಿಯ ಮೇಲೆ, ವಿಭೂತಿ ಮುಟ್ಟಿ. ಕೇಳಿದ್ದಕ್ಕೆಲ್ಲ ಮಾಡಿದ. ಡಾಕ್ಟರು ಪಂಚಾಕ್ಷರಪ್ಪನವರು ಅದನ್ನು ಕಂಡು ನನ್ನನ್ನು ಹೊರಗೆ ಕರೆದರು. "ತಾಯಿ, ಆಣಿ ಮಾಡಿಸೋದು ಬಿಡ್ರಿ. ಆಣಿ ಮುರಿದ್ರೆ ನಾಚಿಕಿ ಆಗ್ತೈತೆ, ನಾಚಿಕಿ ಆದ್ರೆ ಮತ್ತ ಗುಳಿಗೀನೇ ಬೇಕಾಗ್ತೈತೆ. ಮುಂಜಾನಿ ಎದ್ದ ಕೂಡ್ಲೆ ನಿದ್ದಿ ಬಂತೇನೋ ಅಂತ ಕೇಳ್ರಿ. ಅಷ್ಟು ಮಾಡ್ರಿ ಸಾಕು" ಅಂದರು. ಒಮ್ಮೆಲೇ ನಿಲ್ಲಿಸಿದರೆ ಸೆಳವು ಬರುತ್ತದೆ, ಕಡಿಮೆ ಮಾಡುತ್ತ ಬರಬೇಕು ಎಂದೂ ಹೇಳಿದರು. ಅರ್ಧ, ಆಮೇಲೆ ಕಾಲು. ಅಡಕತ್ತರಿಯಲ್ಲಿ ಗುಳಿಗೆ ಕತ್ತರಿಸಿ ನಾನೇ ಕೈಯಾರೆ ಕೊಟ್ಟೆ. ಯಾವುದನ್ನು ಬಿಡಿಸಬೇಕಿತ್ತೋ ಅದನ್ನೇ ಹೊತ್ತು ಹೊತ್ತಿಗೆ ಕೊಟ್ಟೆ.

ಈಗ ಪೂರ್ತಿ ನಿಂತಿದೆ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಆಯುಧಪೂಜೆಯ ದಿನ ಕಾರ್ಖಾನೆಯಿಂದ ಬರುತ್ತ ಎರಡು ನುಂಗಿ ಬಂದ. ಆದರೆ ಬಾಗಿಲಲ್ಲೇ ನಿಂತು, "ಅವ್ವಾ, ಇವತ್ತು ತಗಂಡೀನಿ" ಎಂದು ತಾನೇ ಹೇಳಿದ. ನಾನು ಬೈಯಲಿಲ್ಲ, ಊಟಕ್ಕೆ ಬಾ ಅಂದೆ. ಹಾಗೆ ಬಾಯಿಬಿಟ್ಟು ಹೇಳಿದ್ದೇ ದೊಡ್ಡದು ಎಂದು ಡಾಕ್ಟರು ಅಂದರು. ಆಮೇಲೆ ಇಲ್ಲ. ಈಗ ಹಗಲು ಪಾಳಿ ಹಾಕಿಸಿಕೊಂಡಿದ್ದಾನೆ. ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾನೆ. ಕರಡಿಗೆ ಪೆಟ್ಟಿಗೆಯಲ್ಲಿದೆ. ಪೂಜೆಗೆ ಕೂತಾಗ ಬಾಗಿಲು ಹಾಕುವುದಿಲ್ಲ.

ಹೋದ ವಾರ ಅವನೇ ಭಾನುವಳ್ಳಿಗೆ ಹೋಗಿದ್ದ. ಕಸ್ತೂರಿ ಬಾಗಿಲಿಗೆ ಬಂದು ನೀರು ಕೊಟ್ಟಳಂತೆ. "ನೀವು ಹುಷಾರಾದದ್ದು ಕೇಳಿ ಸಂತೋಷ ಆತು. ನನ್ನ ಹೊರಗ ಹಾಕಿದೋರು ನೀವಲ್ಲ. ಕರಿಯಾಕ ಬರಬೇಕಾದೋರೂ ನೀವಲ್ಲ" ಅಂದಳಂತೆ. ಅದರಲ್ಲಿ ತಪ್ಪೇನಿದೆ? ನಾಳೆ ನಾನು ಹೋಗುತ್ತೇನೆ. ಅವಳು ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ನಿನ್ನ ಹಾಳೆಯಲ್ಲಿ ಹೀಗೆ ತಿದ್ದು. ಮನೆಯಲ್ಲಿ ಚಟ ಇತ್ತು. ಸೊಸೆ ಸರಿ ಇಲ್ಲ ಎಂಬುದನ್ನು ಹೊಡೆದುಹಾಕಿ, ಸೊಸೆ ಹೇಳಿದಳು, ಅತ್ತೆ ಕೇಳಲಿಲ್ಲ ಎಂದು ಬರೆ. ಹದಿನಾಲ್ಕನೇ ಪ್ರಶ್ನೆಗೆ, ಶ್ರಾವಣದ ಮೂರನೇ ಸೋಮವಾರ ಎಂದು ಹಾಕು.

ನಿನ್ನ ಓದು ಚೆನ್ನಾಗಿ ಮುಗಿಯಲಿ, ನಾಲ್ಕು ಮನೆಗೆ ಉಪಯೋಗ ಆಗಲಿ ಎಂದು ಹರಸುವ

ಬಸವಣ್ಣೆಮ್ಮ
ಮನೆ ನಂಬರು ಅರವತ್ತೊಂದು

ತಾ. ಕ.: ಹೆಸರು ಹಾಕಿ ಕಾಗದ ಮಡಚಿದೆ, ಮತ್ತೆ ಬಿಚ್ಚಿದ್ದೇನೆ. ಹದಿನಾಲ್ಕಕ್ಕೆ ಈಗ ಹೇಳಿದ್ದೂ ಸುಳ್ಳು.

ಮದುವೆಯಾಗಿ ಬಂದಾಗಿನಿಂದ ಯಜಮಾನರು ಲಿಂಗ ತೆಗೆದು ಕೊಟ್ಟಾಗಲೆಲ್ಲ ಆ ಕರಡಿಗೆಯನ್ನು ವಿಭೂತಿ ಹಾಕಿ ತಿಕ್ಕಿದ ಕೈ ನನ್ನದು. ಬಟ್ಟೆಯಲ್ಲಿ ಸುತ್ತಿದ ಲಿಂಗ ಅದರೊಳಗೆ ಸದ್ದು ಮಾಡುವುದಿಲ್ಲ. ಈ ವರ್ಷ ಶಿವರಾತ್ರಿಯ ಬೆಳಿಗ್ಗೆ ಮಗ ನನ್ನ ಕಾಲಿಗೆ ಬಗ್ಗಿದಾಗ ಕರಡಿಗೆ ಗಲಗಲ ಅಂದಿತು. ಒಳಗೆ ಇರುವುದು ಲಿಂಗವಲ್ಲ ಎಂದು ಆ ಕ್ಷಣವೇ ಗೊತ್ತಾಯಿತು. ಅವನ ತಲೆಯ ಮೇಲೆ ಕೈ ಇಟ್ಟು, ಶಿವ ಒಳ್ಳೇದು ಮಾಡಲಿ ಅಂದೆ. ಅದಾಗಿ ಒಂದು ತಿಂಗಳಿಗೆ ಯುಗಾದಿ. ಕಸ್ತೂರಿ ಹೇಳಿದ್ದು ನನಗೆ ಮೊದಲೇ ಗೊತ್ತಿದ್ದ ಮಾತು. ಸುಳ್ಳು ಹೇಳಿದಳೆಂದು ನಾನು ಹೊಡೆದದ್ದಲ್ಲ. ಶಿವರಾತ್ರಿ ಎಂದು ಬರೆ.

ಲಕೋಟೆಗೆ ಅಂಟು ಹಚ್ಚಿಲ್ಲ. ನಾಳೆ ಮೊದಲ ಬಸ್ಸಿಗೆ ಹೋಗಿ ಇದನ್ನು ಕಸ್ತೂರಿಯ ಕೈಗೆ ಕೊಡುತ್ತೇನೆ. ಓದು, ಓದಿದ ಮೇಲೆ ಕಳಿಸಬೇಕು ಅನ್ನಿಸಿದರೆ ನೀನೇ ಅಂಟಿಸಿ ಅಂಚೆ ಡಬ್ಬಕ್ಕೆ ಹಾಕು ಎಂದು ಅವಳಿಗೆ ಹೇಳಿ, ಅವರ ಮನೆಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಇದು ನಿನ್ನ ಕೈಗೆ ಬಂದು, ಮೇಲೆ ಭಾನುವಳ್ಳಿಯ ಅಂಚೆ ಮುದ್ರೆ ಇದ್ದರೆ, ಲಕೋಟೆ ಅಂಟಿಸಿದವಳು ಅವಳೇ ಎಂದು ತಿಳಿದುಕೊ.