ಕೈಗಡಿಯಾರದ ಹರಳು ಇದಕ್ಕೆ ಆಗುವುದಿಲ್ಲ

ಅಪ್ಪಾ,

ಅಮ್ಮನಿಗೆ ಕಣ್ಣಿನ ಹನಿ ಹಾಕುವ ಹೊತ್ತು ಕೂಗಿ ಹೇಳುವ ಪೆಟ್ಟಿಗೆ ಯಾಕೆ ಬಾಯಿ ಮುಚ್ಚಿತೆಂದು ಈಗ ಗೊತ್ತಾಯಿತು. ನೀವು ಅದರ ಚಿಪ್‌ಗೆ ತಾಳ ಕೊಡುವ ಹರಳು ಕಿತ್ತು ಕೈಗಡಿಯಾರದ ಹರಳು ಕೂರಿಸಿದ್ದೀರಿ. "ಹರಳು ಅಂದ್ರೆ ಹರಳು ಕಣೇ, ಮೂವತ್ತು ವರ್ಷ ಗಡಿಯಾರ ಬಿಚ್ಚಿದೀನಿ" ಅಂದಿರಲ್ಲ, ನಿಮಗೆ ಹೇಗೆ ಹೇಳಲಿ! ಹದಿನಾರು ಮೆಗಾಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಒಂದು ಕೋಟಿ ಅರವತ್ತು ಲಕ್ಷ ಸಲ ಮಿಡಿಯುವ, ಹೊರಗಿನ ಹರಳನ್ನೇ ನಂಬು ಎಂದು ಚಿಪ್‌ಗೆ ಸೆಟ್ ಮಾಡಿಟ್ಟಿದ್ದೇನೆ; ಕೈಗಡಿಯಾರದ್ದು ಮಿಡಿಯುವುದು ಬರೀ ಮೂವತ್ತೆರಡು ಸಾವಿರ ಚಿಲ್ಲರೆ ಸಲ. ಅದು ಸಿಗದಿದ್ದರೆ ಚಿಪ್ ಸತ್ತಂತೆ ಬಿದ್ದಿರುತ್ತದೆ.

ಸರಿಯಾದ ಹರಳು ಈ ಚೀಟಿಯ ಕೆಳಗೇ ಇದೆ, ಮೈಮೇಲೆ 16 ಎಂದು ಬರೆದಿದೆ. ಚಿಪ್‌ನ ಒಂಬತ್ತು ಮತ್ತು ಹತ್ತನೇ ಕಾಲಿಗೆ ಬೆಸುಗೆ ಹಾಕಿ. ಹೇಗೆ ತಿರುಗಿಸಿ ಇಟ್ಟರೂ ನಡೆಯುತ್ತದೆ. ಪಕ್ಕದ ಎರಡು ಪುಟ್ಟ ಕೆಪಾಸಿಟರ್ ಅಲಂಕಾರಕ್ಕಲ್ಲ, ಕೀಳಬೇಡಿ. ಸೆಟ್ಟಿಂಗ್‌ನ ಗೋಜಿಗಂತೂ ಹೋಗಲೇಬೇಡಿ, ದಮ್ಮಯ್ಯ.

ನಾನು ಬರುವುದು ಸಂಜೆ ಆರಕ್ಕೆ. ಮಧ್ಯಾಹ್ನ ಎರಡು ಗಂಟೆಯ ಹನಿ ತಪ್ಪಿದರೆ ಆಪರೇಷನ್ ಆದ ಕಣ್ಣು ಮತ್ತೆ ಕೆಂಪಾಗುತ್ತದೆ. ಅಷ್ಟರಲ್ಲಿ ಪೆಟ್ಟಿಗೆ ಕೂಗದಿದ್ದರೆ ನೀವೇ ಹೋಗಿ ಅಮ್ಮನನ್ನು ಕರೆಯಿರಿ. ನಿಮ್ಮಿಬ್ಬರ ಮಾತು ನಿಂತು ಇವತ್ತಿಗೆ ನಾಲ್ಕು ದಿನ. ಅವಳು ಕೋಣೆಗೆ ಚಿಲಕ ಹಾಕಿಕೊಂಡಿಲ್ಲ, ನಾನು ನೋಡಿದ್ದೇನೆ.